ಅಪ್ಪನ ಸ್ಪ್ಲೆಂಡರ್‌ಗೆ ಇ20 ಕುಡಿಸುವ ಮೊದಲು

ನಮ್ಮದು 2006ರ ಹೀರೋ ಹೊಂಡಾ ಸ್ಪ್ಲೆಂಡರ್. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತೇನೆ. ಇನ್ಶೂರೆನ್ಸ್ ಏಜೆಂಟ್ ಕೆಲಸ. ರಾಣೆಬೆನ್ನೂರಿನ ಸುತ್ತ ಹಳ್ಳಿ ತಿರುಗಾಟ, ದಿನಕ್ಕೆ ಐವತ್ತು ಕಿಲೋಮೀಟರ್ ಆಗೇ ಆಗುತ್ತದೆ.

ಈಗ ಪಂಪಿನಲ್ಲಿ ಸಿಗುವ ಇ20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಿಂದ ತೆಗೆಯುವ ಸ್ಪಿರಿಟ್, ಬೆರೆಸಿದ ಪೆಟ್ರೋಲ್. ಪಂಪಿನ ಪಕ್ಕದ ಚಹಾದಂಗಡಿಯಲ್ಲಿ ಐದು ನಿಮಿಷ ನಿಂತರೆ ಈ ಎಥನಾಲ್ ಮಾತು ಬಂದೇ ಬರುತ್ತದೆ. ಹಳೇ ಗಾಡಿಯವರು ‘ಮೈಲೇಜ್ ಅರ್ಧಕ್ಕೆ ಬಂತು’ ಅನ್ನುತ್ತಾರೆ. ಹೊಸ ಸ್ಕೂಟರಿನ ಹುಡುಗರು ‘ಏನೂ ಫರಕ್ ಇಲ್ಲ’ ಅನ್ನುತ್ತಾರೆ. ನನ್ನ ತಮ್ಮ ಮೆಕ್ಕೆಜೋಳ ಬೆಳೆಯುವವನು. ಅವನದು ಒಂದೇ ಮಾತು: ‘ನಾ ಬೆಳೆದ ಜೋಳಾನ ನಿನ್ನ ಟ್ಯಾಂಕಿಗೆ ಬರಾಕತ್ತೈತಿ, ಸುಮ್ನ ಹಾಕ್ಕೋ.’ ನಾನೂ ಒಂದಷ್ಟು ದಿನ ವಾದ ಮಾಡಿದೆ. ಆಮೇಲೆ ಬೇಜಾರಾಗಿ ಅಳೆಯಲು ಶುರು ಮಾಡಿದೆ. ಹಳೇ ಕಾರ್ಬೊರೇಟರ್ ಗಾಡಿ ಇರುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಮೈಲೇಜ್. ನೂರು ರೂಪಾಯಿಗೆ ಹಾಕಿಸಿ ಎಷ್ಟು ಓಡಿತು ಅಂತ ನೋಡುವುದು ಲೆಕ್ಕವೇ ಅಲ್ಲ. ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. ನಾಲ್ಕೈದು ದಿನ ಓಡಿಸಿ, ಅದೇ ಪಂಪಿನಲ್ಲಿ ಅದೇ ಗುರುತಿನವರೆಗೆ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ. ಅಪ್ಪನಿಗೆ ಡೈರಿ ಬರೆಯುವ ಚಟವಿತ್ತು, ಹಾಗಾಗಿ 2022ರ ಲೆಕ್ಕ ನನ್ನ ಹತ್ತಿರ ಇದೆ: ಲೀಟರಿಗೆ 61. ಈಗ ನೋಡಿದರೆ 57! ಸಿಟ್ಟು ಬಂತು. ಮೆಕ್ಯಾನಿಕ್ ಗಾಡಿ ನೋಡಿ ನಕ್ಕ. ಚೈನ್ ಸ್ಪ್ರಾಕೆಟ್ ಹಲ್ಲು ಸವೆದು ಮೊನಚಾಗಿತ್ತು, ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ಎರಡೂ ಸರಿ ಮಾಡಿಸಿದ ಮೇಲೆ 59 ಬಂತು. ಉಳಿದ ಎರಡು ಕಿಲೋಮೀಟರನ್ನು ಬೇಕಾದರೆ ಎಥನಾಲ್ ಖಾತೆಗೆ ಬರೆಯಬಹುದು.

ಅದಕ್ಕೆ ಕಾರಣ ಇದೆ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ ಒಟ್ಟು ಶಕ್ತಿ ಆರೇಳು ಪರ್ಸೆಂಟ್ ಇಳಿಯುತ್ತದೆ. ಆದರೆ 2022ರಲ್ಲಿ ನಾವೇನು ಅಪ್ಪಟ ಪೆಟ್ರೋಲ್ ಹಾಕುತ್ತಿರಲಿಲ್ಲ. ಆ ಜೂನ್ ಹೊತ್ತಿಗೇ ದೇಶದಲ್ಲಿ ಹತ್ತು ಪರ್ಸೆಂಟ್ ಬೆರೆಸುವುದು ಬಂದಾಗಿತ್ತು. ಇ20 ಬಿಡುಗಡೆಯಾಗಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಹಾಗಾಗಿ ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಮೂರು ನಾಲ್ಕು ಪರ್ಸೆಂಟ್ ಬೀಳುವುದು ಸಹಜ. ನನ್ನ ಓಡಾಟಕ್ಕೆ ತಿಂಗಳಿಗೆ ಮುಕ್ಕಾಲು ಲೀಟರ್ ಜಾಸ್ತಿ, ಅಷ್ಟೇ. ನನ್ನ ತಕರಾರು ಬೇರೆ. 2021ರ ನೀತಿ ಆಯೋಗದ ವರದಿಯಲ್ಲೇ ಮೈಲೇಜ್ ಬೀಳುತ್ತೆ, ತೆರಿಗೆ ರಿಯಾಯಿತಿ ಕೊಡಬಹುದು ಅಂತ ಇತ್ತು. ಪಂಪಿನ ಬೋರ್ಡಿನಲ್ಲಿ ಆ ರಿಯಾಯಿತಿ ನನಗಂತೂ ಕಂಡಿಲ್ಲ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಪಿಯು ಲ್ಯಾಬಿನಲ್ಲಿ ಇರುತ್ತದಲ್ಲ, 100 ಎಂಎಲ್‌ನ ಗಾಜಿನ ಅಳತೆ ಸಿಲಿಂಡರ್, ಅದೊಂದು ಬೇಕು. ಪ್ಲಾಸ್ಟಿಕ್ ಬೇಡ. ಬಯಲಲ್ಲಿ ಕೂತು ಮಾಡಿ. ಹತ್ತಿರ ಒಲೆ, ಬೀಡಿ, ದೀಪ ಏನೂ ಇರಬಾರದು. 10ರ ಗೆರೆವರೆಗೆ ನೀರು ಹಾಕಿ. ಪೆನ್ನಿನ ನೀಲಿ ಇಂಕ್ ಒಂದು ಹನಿ ಬಿಟ್ಟರೆ ನೀರು ಚೆನ್ನಾಗಿ ಕಾಣುತ್ತದೆ. ಮೇಲೆ 100ರವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ನಿಧಾನಕ್ಕೆ ಅಲ್ಲಾಡಿಸಿ, ನಡುನಡುವೆ ಬಿಚ್ಚಿ ಗಾಳಿ ಬಿಡಿ. ಹತ್ತು ನಿಮಿಷ ಹಾಗೇ ಇಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ನನ್ನ ಸಿಲಿಂಡರಿನಲ್ಲಿ ಕೆಳಗಿನ ನೀಲಿ ಪದರ 10ರಿಂದ 28ಕ್ಕೆ ಏರಿತ್ತು. ಅಂದರೆ 90 ಎಂಎಲ್ ಪೆಟ್ರೋಲಿನಲ್ಲಿ 18 ಎಂಎಲ್ ಎಥನಾಲ್, ಸರಿಯಾಗಿ ಇಪ್ಪತ್ತು ಪರ್ಸೆಂಟ್. ಒಂದೆರಡು ಗೆರೆ ಹೆಚ್ಚುಕಡಿಮೆ ಬಂದರೆ ಪಂಪಿನವರ ಜೊತೆ ಜಗಳಕ್ಕೆ ಹೋಗಬೇಡಿ, ಇದು ಅಂದಾಜಿನ ಪರೀಕ್ಷೆ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಇದೇ ಆಟ ಟ್ಯಾಂಕಿನೊಳಗೆ ನಡೆದರೆ ಕಷ್ಟ. ಕಳೆದ ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಪುಣೆಯಲ್ಲಿದ್ದೆವು. ಗಾಡಿ ತಗಡಿನ ಶೆಡ್ಡಿನಲ್ಲಿ, ಅರ್ಧ ಟ್ಯಾಂಕಿನಲ್ಲಿ ನಿಂತಿತ್ತು. ಮುಚ್ಚಳದ ರಬ್ಬರ್ ಬಿರಿದಿದ್ದು ನನಗೆ ಗೊತ್ತಿರಲಿಲ್ಲ. ಬಂದು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಆದರೆ ರಿಸರ್ವ್‌ಗೆ ತಿರುಗಿಸಿದ ಕೂಡಲೇ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮೆಕ್ಯಾನಿಕ್ ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ, ಬಂದದ್ದನ್ನು ಉಪ್ಪಿನಕಾಯಿ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದ. ನಡುವೆ ಗೆರೆ ಎಳೆದಂತೆ ಎರಡು ಪದರ. ‘ಟ್ಯಾಂಕ್‌ನ್ಯಾಗ ನೀರೈತಿ ನೋಡ್ರಿ ಸರ.’ ಟ್ಯಾಪ್ ಆನ್‌ನಲ್ಲಿದ್ದಾಗ ಪೆಟ್ರೋಲ್ ಎತ್ತರದ ಕೊಳವೆಯಿಂದ ಬರುತ್ತದೆ, ರಿಸರ್ವ್‌ನಲ್ಲಿ ತಳದಿಂದ. ನೀರೂ ಎಥನಾಲೂ ಸೇರಿ ಕೂತಿದ್ದು ಆ ತಳದಲ್ಲೇ. ಹೀಗೆ ಒಡೆದ ಮೇಲೆ ಹೊಸ ಪೆಟ್ರೋಲ್ ಸುರಿದು ಸರಿಮಾಡುತ್ತೇನೆ ಅನ್ನುವುದು ದಂಡ. ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಒಣಗಿಸಿ ತುಂಬಬೇಕು.

ಅವತ್ತಿಂದ ನನ್ನ ರೂಢಿ ಹೀಗಿದೆ. ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸುತ್ತೇನೆ. ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಒಳಗೆ. ಆಮೇಲೆ ಟ್ಯಾಪ್ ಆಫ್ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಬರಿದು ಮಾಡುತ್ತೇನೆ. ಮಳೆಗಾಲಕ್ಕೆ ಮುಂಚೆ ಮುಚ್ಚಳದ ರಬ್ಬರನ್ನು ಕೈಯಿಂದ ಒತ್ತಿ ನೋಡುತ್ತೇನೆ.

ಪೆಟ್ರೋಲ್ ಪೈಪ್ ಬದಲಿಸಿ. ಇದೊಂದನ್ನು ಮುಂದೂಡಬೇಡಿ. ಹಳೇ ರಬ್ಬರ್ ಎಥನಾಲಿಗೆ ಉಬ್ಬುತ್ತದೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಪೈಪನ್ನು ಬೆರಳಲ್ಲಿ ಮಡಿಸಿ ನೋಡಿ, ಸಣ್ಣ ಗೆರೆ ಕಂಡರೆ ಮುಗೀತು ಅದರ ಕತೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಮೈಲೇಜಿನ ವಿಷಯ ಅಲ್ಲ, ಬೆಂಕಿಯ ವಿಷಯ. ಇ20ಗೆ ಆಗುವಂಥದ್ದೇ ಕೊಡಿ ಅಂತ ಕೇಳಿ ತಗೊಳ್ಳಿ. ಎಥನಾಲ್ ಟ್ಯಾಂಕಿನ ಹಳೇ ಕಿಲುಬನ್ನೂ ಕೆದಕಿ ತರುತ್ತದೆ, ಅದಕ್ಕೆ ಫಿಲ್ಟರನ್ನೂ ಬದಲಿಸಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿ ಬಣ್ಣ ಇದ್ದರೆ ಆರಾಮ. ಬೆಳ್ಳಗಿದ್ದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರುತ್ತಿಲ್ಲ, ಎಂಜಿನ್ ಬಿಸಿಯಾಗುತ್ತಿದೆ ಅಂತ. ಸೆನ್ಸರ್ ಇರುವ ಇಂಜೆಕ್ಷನ್ ಗಾಡಿಗಳು ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ, ನಮ್ಮ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಟ್ಯೂನಿಂಗ್ ಮೆಕ್ಯಾನಿಕ್ಕಿಗೇ ಬಿಡಿ. ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಇರುವವರು ಇದನ್ನು ಇವತ್ತೇ ನೋಡಿ.

ಎಥನಾಲ್ ದೋಷ ಪರಿಹಾರ ಅಂತ ಮಾರುವ ಬಾಟಲಿಗೆ ನಾನು ಒಮ್ಮೆ ದುಡ್ಡು ಹಾಕಿದೆ. ಅದೇ ದುಡ್ಡಿಗೆ ಪೈಪೂ ಫಿಲ್ಟರೂ ಬರುತ್ತಿತ್ತು. ಕಾರಿನವರು ತಮ್ಮ ಗಾಡಿಗೆ ಇ20 ಆಗುತ್ತದೋ ಇಲ್ಲವೋ ಅಂತ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಮತ್ತು ಮ್ಯಾನುಯಲ್ ನೋಡಿಕೊಳ್ಳಿ. ಸರ್ವಿಸ್ ಸೆಂಟರಿನವರು ‘ಏನಾಗಲ್ಲ ಸಾರ್’ ಅಂದರೆ ಅದನ್ನೇ ಬರೆದು ಕೊಡಿ ಅನ್ನಿ. ನನ್ನ ಅಳಿಯ ಹಾಗೆ ಕೇಳಿದಾಗ ಮಾತು ಹವಾಮಾನದ ಕಡೆ ತಿರುಗಿತಂತೆ.

ಮೊನ್ನೆ ತಮ್ಮ ಬಂದು ಸಿಲಿಂಡರ್ ಕೇಳಿ ಒಯ್ದ. ಹೋದ ಸುಗ್ಗಿಯಿಂದ ಪೆಟ್ರೋಲ್ ಹಾಕಿಟ್ಟಿದ್ದ ಔಷಧಿ ಹೊಡೆಯುವ ಪಂಪು ಸ್ಟಾರ್ಟೇ ಆಗುತ್ತಿಲ್ಲವಂತೆ.