ಲಂಡನ್ ಪ್ರವಾಸ: ಮೊದಲು ನಾಟಕ, ಆಮೇಲೆ ವಿಮಾನ

ಲಂಡನ್‌ಗೆ ಹೊರಟ ನಮ್ಮವರು ಸಾಮಾನ್ಯವಾಗಿ ಮೊದಲು ಅಗ್ಗದ ವಿಮಾನ ಹುಡುಕುತ್ತಾರೆ, ಆಮೇಲೆ ಹೋಟೆಲು, ಕೊನೆಗೆ ಬಿಡುವು ಸಿಕ್ಕರೆ ಒಂದು ನಾಟಕ. ನಾಟಕ ನೋಡುವ ಆಸೆ ನಿಜವಾಗಿ ಇದ್ದರೆ ಈ ಕ್ರಮವನ್ನು ತಿರುಗಿಸಲೇಬೇಕು. ಬಿಗ್ ಬೆನ್ ಯಾವಾಗ ಹೋದರೂ ಅಲ್ಲೇ ಇರುತ್ತದೆ. ನಿಮಗೆ ಬೇಕಾದ ನಾಟಕ ನೀವು ಹೋದ ವಾರ ಮುಗಿದೇ ಹೋಗಿರಬಹುದು, ಇದ್ದರೂ ಕಂಬದ ಹಿಂದಿನ ಸೀಟು ಮಾತ್ರ ಉಳಿದಿರಬಹುದು.

ನಾಟಕ, ವಾರ, ವೀಸಾ

ಲಂಡನ್ ರಂಗಭೂಮಿಯಲ್ಲಿ ಎರಡು ಬಗೆ. ಒಂದು, ವರ್ಷಗಟ್ಟಲೆ ನಡೆಯುತ್ತಲೇ ಇರುವ ಪ್ರದರ್ಶನಗಳು. ‘ದಿ ಮೌಸ್‌ಟ್ರ್ಯಾಪ್’ 1952ರಲ್ಲಿ ಶುರುವಾದದ್ದು, ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಇಂದಿಗೂ ನಡೆಯುತ್ತಿದೆ. ‘ದಿ ಲಯನ್ ಕಿಂಗ್’ ಲೈಸಿಯಂ ಥಿಯೇಟರಿನಲ್ಲಿ 1999ರಿಂದ ಇದೆ. ಇವಕ್ಕೆ ಆತುರ ಬೇಡ. ಇನ್ನೊಂದು, ಕೆಲವೇ ವಾರ ನಡೆಯುವ ನಾಟಕಗಳು: ನ್ಯಾಷನಲ್ ಥಿಯೇಟರಿನವು, ಹೆಸರಾಂತ ನಟರು ಅಭಿನಯಿಸುವಂಥವು. ಇವು ತಿಂಗಳುಗಳ ಮೊದಲೇ ಭರ್ತಿಯಾಗುತ್ತವೆ. ಹಾಗಾಗಿ ಎರಡನೇ ಬಗೆಯ ಒಂದನ್ನು ಆರಿಸಿ, ಅದರ ಮೇಲೆ ಪ್ರವಾಸದ ವಾರವನ್ನು ನಿಗದಿ ಮಾಡಿ. ಒಂದು ವಾರಕ್ಕೆ ಮೂರು ನಾಟಕ ಸಾಕು. ಅದಕ್ಕಿಂತ ಹೆಚ್ಚಾದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಪ್ರವಾಸಿ ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ, ಉತ್ತರಕ್ಕೆ ಸಾಮಾನ್ಯವಾಗಿ ಮೂರು ವಾರ. ವೀಸಾ ಕೈಗೆ ಬರುವ ತನಕ ವಿಮಾನಕ್ಕೆ ದುಡ್ಡು ಕಟ್ಟಬೇಡಿ. ನಾಟಕದ ಟಿಕೆಟ್ಟಿನ ಹಣವೂ ವಾಪಸ್ಸು ಬರುವುದು ಅಪರೂಪ. ಆದರೆ ಆ ಒಂದು ನಾಟಕಕ್ಕಾಗಿಯೇ ಹೋಗುತ್ತಿದ್ದರೆ, ಅದರ ಟಿಕೆಟ್ ಮಟ್ಟಿಗೆ ಈ ಅಪಾಯ ಎದುರಿಸಬಹುದು ಎಂಬುದು ನನ್ನ ಅಭಿಪ್ರಾಯ.

ಯಾವ ದಿನ ಇಳಿಯಬೇಕು?

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹತ್ತು ಹನ್ನೊಂದು ಗಂಟೆ. ಬೇಸಿಗೆಯಲ್ಲಿ ನಾವು ಲಂಡನ್‌ಗಿಂತ ನಾಲ್ಕೂವರೆ ಗಂಟೆ ಮುಂದಿದ್ದೇವೆ. ಅಲ್ಲಿ ಸಂಜೆ ಏಳೂವರೆಗೆ ಪರದೆ ಏಳುವಾಗ ನಮ್ಮ ದೇಹಕ್ಕೆ ನಡುರಾತ್ರಿ. ಇಳಿದ ದಿನವೇ ನಾಟಕಕ್ಕೆ ಹೋದರೆ ದುಬಾರಿ ಸೀಟಿನಲ್ಲಿ ನಿದ್ದೆ ಗ್ಯಾರಂಟಿ. ಮಧ್ಯಾಹ್ನ ಎರಡೂವರೆಯ ಮ್ಯಾಟಿನಿ ಹಾಗಲ್ಲ, ನಮಗದು ಸಂಜೆ ಏಳು ಗಂಟೆ. ಮ್ಯಾಟಿನಿಗಳು ಹೆಚ್ಚಾಗಿ ಬುಧವಾರ, ಗುರುವಾರ, ಶನಿವಾರ ಇರುತ್ತವೆ. ಆದ್ದರಿಂದ ಮಂಗಳವಾರ ಇಳಿದು, ಬುಧವಾರ ಮ್ಯಾಟಿನಿಯಿಂದ ಶುರು ಮಾಡುವುದು ಒಳ್ಳೆಯ ಲೆಕ್ಕ.

ದುಬೈ, ದೋಹಾ ಮೂಲಕ ಹೋಗುವ ಕೆಲವು ವಿಮಾನಗಳು ಹೀಥ್ರೂ ವಿಮಾನ ನಿಲ್ದಾಣದ ಬದಲು ಗ್ಯಾಟ್ವಿಕ್‌ನಲ್ಲಿ ಇಳಿಯುತ್ತವೆ. ಟಿಕೆಟ್ ತೆಗೆಯುವಾಗ ಇದನ್ನು ಗಮನಿಸಿ, ಮುಂದೆ ಹೇಳುವ ರೈಲು ಹೀಥ್ರೂನಿಂದ ಹೊರಡುವಂಥದ್ದು.

ಹೋಟೆಲ್ ಹುಡುಕುವಾಗ ರೈಲಿನ ನಕ್ಷೆ ಮುಂದಿಟ್ಟುಕೊಳ್ಳಿ

ನಾಟಕಶಾಲೆಗಳ ಪಕ್ಕದಲ್ಲೇ ಇರಬೇಕೆಂದರೆ ಬಾಡಿಗೆ ಕೈ ಸುಡುತ್ತದೆ. ಹೀಥ್ರೂನಿಂದ ಹೊರಡುವ ಪಿಕಡಿಲಿ ಮಾರ್ಗದ ರೈಲು ಹ್ಯಾಮರ್‌ಸ್ಮಿತ್, ಅರ್ಲ್ಸ್ ಕೋರ್ಟ್ ದಾಟಿ ನೇರವಾಗಿ ಲೆಸ್ಟರ್ ಸ್ಕ್ವೇರ್, ಕೋವೆಂಟ್ ಗಾರ್ಡನ್‌ಗೆ, ಅಂದರೆ ನಾಟಕಶಾಲೆಗಳ ನಡುವಿಗೇ ಬರುತ್ತದೆ. ಅರ್ಲ್ಸ್ ಕೋರ್ಟ್ ಸುತ್ತಮುತ್ತ ಕೋಣೆ ಹಿಡಿದರೆ ಸೂಟ್‌ಕೇಸ್ ಹೊತ್ತು ರೈಲು ಬದಲಿಸುವ ಕಷ್ಟವಿಲ್ಲ, ರಾತ್ರಿ ನಾಟಕ ಬಿಟ್ಟ ಮೇಲೂ ಒಂದೇ ರೈಲು. ಹಳೆಯ ಕಟ್ಟಡಗಳ ಹೋಟೆಲುಗಳಲ್ಲಿ ಲಿಫ್ಟ್ ಇರುವುದಿಲ್ಲ, ಕೋಣೆಗಳೂ ಇಕ್ಕಟ್ಟು. ಮೊದಲೇ ಕೇಳಿಕೊಳ್ಳಿ, ಹಣ ವಾಪಸ್ಸು ಸಿಗುವಂಥ ಬುಕಿಂಗನ್ನೇ ಮಾಡಿ.

ಸೀಟಿನ ವಿಚಾರ

ಇಲ್ಲಿ ಸ್ವಲ್ಪ ನಿಧಾನಿಸಿ. ಲಂಡನ್ ನಡುವಿನ ರಂಗಭೂಮಿ ಪ್ರದೇಶವಾದ ವೆಸ್ಟ್ ಎಂಡ್‌ನ ನಾಟಕಶಾಲೆಗಳಲ್ಲಿ ಬಹಳಷ್ಟು ನೂರು ವರ್ಷಕ್ಕೂ ಹಳೆಯವು. ಕೆಳಗಿನದು ಸ್ಟಾಲ್ಸ್, ಅದರ ಮೇಲೆ ಡ್ರೆಸ್ ಸರ್ಕಲ್, ಇನ್ನೂ ಮೇಲೆ ಅಪ್ಪರ್ ಸರ್ಕಲ್, ಕೆಲವೆಡೆ ತುದಿಯಲ್ಲಿ ಬಾಲ್ಕನಿ. ಸ್ಟಾಲ್ಸ್‌ನ ಹಿಂದಿನ ಸಾಲುಗಳಲ್ಲಿ ಮೇಲಂತಸ್ತಿನ ಚಾಚು ಅಡ್ಡ ಬಂದು ರಂಗದ ಮೇಲ್ಭಾಗ ಮರೆಯಾಗುತ್ತದೆ. ಡ್ರೆಸ್ ಸರ್ಕಲ್‌ನ ಮುಂದಿನ ಸಾಲುಗಳಿಂದ ಇಡೀ ರಂಗ ಕಾಣುತ್ತದೆ, ನನ್ನ ಆಯ್ಕೆ ಅದೇ. ತೀರಾ ಮೇಲಿನ ಸೀಟು ಅಗ್ಗ, ಆದರೆ ಮೆಟ್ಟಿಲು ಬಹಳ, ಕಾಲು ಚಾಚಲು ಜಾಗವಿಲ್ಲ. ಮಂಡಿನೋವಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ನಾಟಕಶಾಲೆಗೆ ಫೋನ್ ಮಾಡಿ, ಮೆಟ್ಟಿಲು ಕಡಿಮೆ ಇರುವ ಸೀಟು ಯಾವುದೆಂದು ಕೇಳಬೇಕು. ಎಷ್ಟೋ ಕಡೆ ಸ್ಟಾಲ್ಸ್ ರಸ್ತೆಯ ಮಟ್ಟಕ್ಕಿಂತ ಕೆಳಗಿರುತ್ತದೆ, ಅಲ್ಲಿಗೂ ಇಳಿಯಬೇಕು. ಇಂಗ್ಲಿಷ್ ಅಷ್ಟಾಗಿ ಒಗ್ಗದ ಹಿರಿಯರಿಗೆ ಮಾತಿನ ನಾಟಕಕ್ಕಿಂತ ಹಾಡು, ಕುಣಿತದ ಮ್ಯೂಸಿಕಲ್ ಮೇಲು. ಓದಲು ಬರುವವರಿಗೆ, ಸಂಭಾಷಣೆಯನ್ನು ಅಕ್ಷರದಲ್ಲಿ ತೋರಿಸುವ ಪ್ರದರ್ಶನಗಳೂ ಕೆಲವು ದಿನ ಇರುತ್ತವೆ.

ಟಿಕೆಟ್ಟನ್ನು ನಾಟಕಶಾಲೆಯ ಸ್ವಂತ ಜಾಲತಾಣದಲ್ಲೇ ಕೊಳ್ಳಿ. ಯಾವ ನಾಟಕವಾದರೂ ಸರಿ ಎನ್ನುವ ಸಂಜೆಗೆ ಲೆಸ್ಟರ್ ಸ್ಕ್ವೇರ್‌ನ ಟಿ.ಕೆ.ಟಿ.ಎಸ್. ಎಂಬ ಟಿಕೆಟ್ ಮಳಿಗೆಯಲ್ಲಿ ಅಂದಿನ ಟಿಕೆಟ್ಟುಗಳು ರಿಯಾಯಿತಿಗೆ ಸಿಗುತ್ತವೆ.

ನಾಟಕ ಬಿಡುವಾಗ ಹತ್ತು ಗಂಟೆ ಆಗುವುದರಿಂದ ಊಟವನ್ನು ಸಂಜೆ ಐದೂವರೆ, ಆರಕ್ಕೇ ಮುಗಿಸಿ. ಸಸ್ಯಾಹಾರಿಗಳಿಗೆ ಯೂಸ್ಟನ್ ನಿಲ್ದಾಣದ ಹತ್ತಿರದ ಡ್ರಮಂಡ್ ಸ್ಟ್ರೀಟ್ ಆಧಾರ. ನಮ್ಮ ಬೆಂಗಳೂರಿನ ರಂಗಶಂಕರ ನಾಟಕಶಾಲೆಯಲ್ಲಿ ತಡವಾದವರಿಗೆ ಬಾಗಿಲು ತೆರೆಯುವುದಿಲ್ಲ. ಲಂಡನ್‌ನಲ್ಲಿ ಬಹುತೇಕ ಕಡೆ ಸೂಕ್ತ ವಿರಾಮ ಸಿಕ್ಕಾಗ ಒಳಬಿಡುತ್ತಾರೆ, ಆದರೆ ಅದಕ್ಕಾಗಿ ಇಂಟರ್ವಲ್ ತನಕವೂ ಕಾಯಬೇಕಾದೀತು.

ಭಾನುವಾರ

ಅಂದು ಅನೇಕ ನಾಟಕಶಾಲೆಗಳಿಗೆ ರಜೆ. ಬೆಳಿಗ್ಗೆ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಹುಲಿ ಅಲ್ಲಿದೆ, ಪ್ರವೇಶ ಉಚಿತ. ಅಲ್ಲಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ. ಮುಂದೆ ಥೇಮ್ಸ್ ದಡದ ಕಾಲುದಾರಿಯಲ್ಲೇ ನಡೆದರೆ ಶೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ ಸಿಗುತ್ತದೆ. ಬಯಲು ರಂಗವಾದ್ದರಿಂದ ಹೆಚ್ಚಾಗಿ ಬೇಸಿಗೆ ತಿಂಗಳುಗಳಲ್ಲೇ ಆಟ, ಭಾನುವಾರವೂ ಇರುವುದುಂಟು. ರಂಗದ ಬುಡದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ. ಆಟ ನಡೆಯುವಾಗ ಕೂರಲು ಬಿಡುವುದಿಲ್ಲ. ಮಳೆ ಬಂದರೂ ನಾಟಕ ನಿಲ್ಲದು, ಕೊಡೆ ಬಿಚ್ಚುವಂತಿಲ್ಲ. ರೇನ್‌ಕೋಟ್ ಮತ್ತು ಹೊಂದಿಕೊಂಡ ಹಳೆಯ ಚಪ್ಪಲಿ, ಇವೆರಡನ್ನು ಮರೆಯಬೇಡಿ.