ಬಿಡಿ ಹಾಳೆಗಳಿಗೆ ಬೆಳೆಯುವ ರಟ್ಟು: ಸ್ಕ್ರೂ ಪೋಸ್ಟ್ ಬೈಂಡರ್ ತಯಾರಿಸುವ ಬಗೆ

ಬಿಡಿ ಹಾಳೆಗಳನ್ನು ಹಿಡಿದಿಡುವ ಫೈಲುಗಳಲ್ಲಿ ಬಹುಪಾಲು ಒಂದು ನಿಗದಿತ ದಪ್ಪಕ್ಕೆಂದೇ ತಯಾರಾಗಿರುತ್ತವೆ. ಉಂಗುರದ ಫೈಲು ತುಂಬಿ ತುಳುಕಿದರೆ ಹಾಳೆಗಳು ಉಂಗುರದ ಬಾಗಿಗೆ ಸಿಕ್ಕಿ ತೂತಿನ ಬಳಿ ಹರಿಯುತ್ತವೆ. ಅರ್ಧ ಖಾಲಿಯಿದ್ದರೆ ಒಳಗೇ ಜಾರಾಡಿ ಮೂಲೆ ಮಡಚಿಕೊಳ್ಳುತ್ತವೆ. ತಿಂಗಳಿಗಷ್ಟು ಹಾಳೆ ಸೇರುತ್ತಲೇ ಹೋಗುವ ಲೆಕ್ಕಪತ್ರ, ಟಿಪ್ಪಣಿ, ಕರಡುಪ್ರತಿಗಳಿಗೆ ಬೇಕಾದದ್ದು ಒಳಗಿನ ಕಟ್ಟು ಎಷ್ಟು ದಪ್ಪವಿದೆಯೋ ಅಷ್ಟೇ ದಪ್ಪಕ್ಕೆ ಬಿಗಿದುಕೊಳ್ಳುವ ಹೊದಿಕೆ. ಅಂಥದ್ದನ್ನು ರಟ್ಟು, ಬೈಂಡಿಂಗ್ ಬಟ್ಟೆ ಮತ್ತು ಸ್ಕ್ರೂ ಪೋಸ್ಟ್‌ಗಳಿಂದ (ತೂತಿನ ಮೂಲಕ ಹಾಯಿಸಿ ಸ್ಕ್ರೂನಿಂದ ಬಿಗಿಯುವ ಸಣ್ಣ ಕೊಳವೆಗಳಿಂದ) ಮನೆಯಲ್ಲೇ ತಯಾರಿಸಬಹುದು. ಪುಸ್ತಕದಂತೆ ರಟ್ಟಿಗೆ ಬೆನ್ನನ್ನು ಅಂಟಿಸಿಬಿಟ್ಟರೆ ಹೊದಿಕೆ ಮತ್ತೆ ಹಿಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಎರಡು ರಟ್ಟುಗಳನ್ನು ಮಾತ್ರ ಶಾಶ್ವತವಾಗಿ ಮಾಡಿಕೊಂಡು, ಬೆನ್ನನ್ನೂ ಪೋಸ್ಟನ್ನೂ ಬೇಕೆಂದಾಗ ಬದಲಿಸುವ ಭಾಗಗಳಾಗಿ ಉಳಿಸಿಕೊಳ್ಳುತ್ತೇವೆ.

ಬೆನ್ನನ್ನು ಬೀಸಣಿಗೆಯಂತೆ ನೆರಿಗೆ ಹಿಡಿದು ಮಾಡಿದರೆ ತಾನಾಗಿಯೇ ಹಿಗ್ಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಜೇಬಿನಂಥ ಫೈಲುಗಳಿಗೆ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ನೆರಿಗೆಗಳು ಒಳಕ್ಕೆ ಕುಸಿಯಲು ಜಾಗವಿದೆ. ತೂತು ಹೊಡೆದು ಬಿಗಿದ ಹಾಳೆಗಳಲ್ಲಾದರೋ ಕಾಗದದ ಅಂಚು ಬೆನ್ನಿಗೆ ತಾಗಿಯೇ ನಿಲ್ಲುವುದರಿಂದ ನೆರಿಗೆಗಳು ಹೊರಕ್ಕೆ ಉಬ್ಬುತ್ತವೆ, ಕಪಾಟಿನಲ್ಲಿ ಉಜ್ಜಿ ಬೇಗ ಸವೆಯುತ್ತವೆ. ದಪ್ಪ ಬದಲಾದಾಗ ಹತ್ತು ನಿಮಿಷದಲ್ಲಿ ಹೊಸ ಬೆನ್ನುಪಟ್ಟಿಯನ್ನು ಕತ್ತರಿಸಿ ಹಾಕುವುದೇ ಅದಕ್ಕಿಂತ ಲೇಸು.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. 2 ಮಿ.ಮೀ. ದಪ್ಪದ ಬೈಂಡಿಂಗ್ ರಟ್ಟು, ಬೈಂಡಿಂಗ್ ಬಟ್ಟೆ, ಒಳಗೆ ಅಂಟಿಸಲು ತುಸು ಗಟ್ಟಿ ಕಾಗದ, ಬೆನ್ನಿಗೆ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಕಾರ್ಡ್ ಹಾಳೆ, ಬಿಳಿ ಪಿವಿಎ ಅಂಟು, ಸ್ಕ್ರೂ ಪೋಸ್ಟ್‌ಗಳು, ಉಕ್ಕಿನ ಸ್ಕೇಲು, ಕಟರ್, ಮಡಿಕೆಯನ್ನು ತೀಡಲು ನಯವಾದ ಒಂದು ಪಟ್ಟಿ ಇದ್ದರೆ ಸಾಕು. ಪೋಸ್ಟ್ ಎಂದರೆ ಒಳಗೆ ಮರೆ (ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ) ಇರುವ ಒಂದು ಸಣ್ಣ ಕೊಳವೆ ಮತ್ತು ಅದರ ಬಾಯಿಗೆ ತಿರುಗಿಸಿ ಕೂರಿಸುವ ಚಪ್ಪಟೆ ತಲೆಯ ಸ್ಕ್ರೂ. ಇವು ಅಲ್ಯೂಮಿನಿಯಂ, ಹಿತ್ತಾಳೆ, ಪ್ಲಾಸ್ಟಿಕ್‌ಗಳಲ್ಲಿ ಸಿಗುತ್ತವೆ. ಬಹುಕಾಲ ಇಡುವ ಕಾಗದಗಳಿಗೆ ಕಬ್ಬಿಣದ ಪೋಸ್ಟ್ ಬೇಡ, ಅದರ ತುಕ್ಕು ತೂತಿನ ಸುತ್ತ ಕಲೆಯಾಗಿ ಹರಡುತ್ತದೆ. ಕೊಳ್ಳುವಾಗ ಅದೇ ಪೋಸ್ಟ್‌ಗೆ ಕೂರುವ ಜೋಡಣೆ ತುಂಡುಗಳು ಸಿಗುತ್ತವೆಯೇ ಎಂದು ನೋಡಿಕೊಳ್ಳಿ. ಒಂದು ತುದಿಯಲ್ಲಿ ಸ್ಕ್ರೂ, ಇನ್ನೊಂದರಲ್ಲಿ ಮರೆ ಇರುವ, ಕಾಲು ಇಂಚು, ಅರ್ಧ ಇಂಚು, ಒಂದು ಇಂಚಿನ ಈ ತುಂಡುಗಳೇ ಹೊದಿಕೆಯನ್ನು ಮುಂದೆ ಹಿಗ್ಗಿಸುವಂಥವು. ಮರೆಯ ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗಬಹುದಾದ್ದರಿಂದ ಇವನ್ನು ಪೋಸ್ಟ್‌ಗಳ ಜೊತೆಯಲ್ಲೇ ಕೊಂಡಿಟ್ಟುಕೊಳ್ಳುವುದು ಜಾಣತನ.

ಅಳತೆಗಳು

ಮುಂದಿನ ಲೆಕ್ಕವೆಲ್ಲ ಎ4 ಹಾಳೆಗೆ, ಅಂದರೆ 210 × 297 ಮಿ.ಮೀ. ಕಾಗದಕ್ಕೆ. ತೂತುಗಳಿಗೆ ಐಎಸ್‌ಒ 838 ಎಂಬ ಅಂತರರಾಷ್ಟ್ರೀಯ ಮಾನಕವಿದೆ: 6 ಮಿ.ಮೀ. ವ್ಯಾಸದ ಎರಡು ತೂತು, ಅವುಗಳ ಕೇಂದ್ರಗಳ ನಡುವೆ 80 ಮಿ.ಮೀ., ಹಾಳೆಯ ಅಂಚಿನಿಂದ ಕೇಂದ್ರಕ್ಕೆ 12 ಮಿ.ಮೀ. ಎ4 ಹಾಳೆಯಲ್ಲಿ ಎರಡೇ ತೂತುಗಳಿದ್ದರೆ ಮೇಲೂ ಕೆಳಗೂ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಉದ್ದ ಹಿಡಿತವಿಲ್ಲದೆ ಉಳಿಯುತ್ತದೆ. ಕಟ್ಟು ಬೆಳೆಯುವುದು ಖಚಿತವಾಗಿದ್ದರೆ ಅದೇ 80 ಮಿ.ಮೀ. ಅಂತರದಲ್ಲಿ ಮೇಲೊಂದು, ಕೆಳಗೊಂದು ಸೇರಿಸಿ ನಾಲ್ಕು ತೂತು ಮಾಡುವುದು ಒಳ್ಳೆಯದು. ಎರಡು ತೂತಿನ ಹಳೆಯ ಹಾಳೆಗಳೂ ನಡುವಿನ ಜೋಡಿಗೆ ಸರಿಯಾಗಿ ಕೂರುತ್ತವೆ.

ಮುಂದಿನ ಮತ್ತು ಹಿಂದಿನ ಹೊದಿಕೆಗಳಲ್ಲಿ ಪ್ರತಿಯೊಂದಕ್ಕೂ ಎರಡು ತುಂಡು ರಟ್ಟು ಬೇಕು: ಪೋಸ್ಟ್ ಹಾಯುವ 28 × 303 ಮಿ.ಮೀ. ಪಟ್ಟಿ, ಮತ್ತು ತೆರೆದುಕೊಳ್ಳುವ 178 × 303 ಮಿ.ಮೀ. ಹಲಗೆ. ಎರಡರ ನಡುವೆ 8 ಮಿ.ಮೀ. ಸಂದು ಬಿಟ್ಟು ಬಟ್ಟೆ ಹೊದಿಸಿದಾಗ ಆ ಸಂದೇ ಕೀಲಾಗುತ್ತದೆ. ಸಂದು ತೀರಾ ಕಿರಿದಾದರೆ ಹೊದಿಕೆ ಪೂರ್ತಿ ಹಿಂದಕ್ಕೆ ಮಡಚುವುದಿಲ್ಲ, ಅಗಲವಾದರೆ ಕೀಲು ಜೋಲಾಡುತ್ತದೆ. ಒಟ್ಟು ಅಗಲ 214 ಮಿ.ಮೀ. ಆಗುತ್ತದೆ. ಇದರಲ್ಲಿ ಬೆನ್ನಿನ ಕಡೆ 1 ಮಿ.ಮೀ., ಉಳಿದ ಮೂರು ಅಂಚುಗಳಲ್ಲಿ 3 ಮಿ.ಮೀ. ಹಾಳೆಗಿಂತ ಹೊರಗಿರುತ್ತವೆ.

ಕತ್ತರಿಸುವ ಮೊದಲು ನಾರಿನ ದಿಕ್ಕನ್ನು ನೋಡಲೇಬೇಕು. ರಟ್ಟನ್ನು ಎರಡು ದಿಕ್ಕಿನಲ್ಲಿ ಮೆಲ್ಲನೆ ಬಾಗಿಸಿದರೆ ಒಂದು ದಿಕ್ಕಿನಲ್ಲಿ ಅದು ಸುಲಭವಾಗಿ ಬಗ್ಗುತ್ತದೆ. ಆಗ ಮೂಡುವ ಮಡಿಕೆಯ ಗೆರೆ ಯಾವ ದಿಕ್ಕಿಗಿದೆಯೋ ನಾರೂ ಅದೇ ದಿಕ್ಕಿಗಿರುತ್ತದೆ. ಆ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಬೇಕು. ಕಾಗದವೂ ರಟ್ಟೂ ತೇವ ಹೀರಿದಾಗ ನಾರಿಗೆ ಅಡ್ಡಲಾಗಿಯೇ ಹೆಚ್ಚು ಹಿಗ್ಗುತ್ತವೆ. ನಾರು ಅಡ್ಡಡ್ಡವಾಗಿ ಬಂದರೆ ಎಷ್ಟು ಭಾರ ಹೇರಿದರೂ ಹೊದಿಕೆ ಮೇಲಿನಿಂದ ಕೆಳಕ್ಕೆ ಬಿಲ್ಲಿನಂತೆ ಬಾಗಿಕೊಳ್ಳುತ್ತದೆ, ಕೀಲೂ ಸುಕ್ಕುಗಟ್ಟುತ್ತದೆ. ಒಳಕಾಗದಕ್ಕೂ ಬೆನ್ನಿನ ಕಾರ್ಡ್ ಹಾಳೆಗೂ ಇದೇ ನಿಯಮ.

ರಟ್ಟಿಗೆ ಬಟ್ಟೆ ಹೊದಿಸುವುದು

ಬಟ್ಟೆಯನ್ನು 244 × 333 ಮಿ.ಮೀ. ಅಳತೆಗೆ ಎರಡು ತುಂಡು ಕತ್ತರಿಸಿಕೊಂಡು, ಹಿಂಬದಿಯಲ್ಲಿ ನಾಲ್ಕೂ ಕಡೆ 15 ಮಿ.ಮೀ. ಬಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಅಂಟನ್ನು ನಡುವಿನಿಂದ ಅಂಚಿನ ಕಡೆಗೆ ತೆಳುವಾಗಿ ಹಚ್ಚಿ. ದಪ್ಪನಾಗಿ ಹಚ್ಚಿದ ಅಂಟು ಬಟ್ಟೆಯ ಮುಂಬದಿಗೆ ಒಸರಿ ಕಲೆಯಾಗುತ್ತದೆ. ಮೊದಲು ಕಿರಿ ಪಟ್ಟಿಯನ್ನು ಗೆರೆಗೆ ಸರಿಯಾಗಿ ಇಟ್ಟು, 8 ಮಿ.ಮೀ. ಅಗಲಕ್ಕೆ ಕತ್ತರಿಸಿಕೊಂಡ ಚೂರು ರಟ್ಟನ್ನು ಅದಕ್ಕೆ ತಾಗಿಸಿ, ಅದರಾಚೆಗೆ ದೊಡ್ಡ ಹಲಗೆಯನ್ನು ಕೂರಿಸಿ, ಬಳಿಕ ಆ ಚೂರನ್ನು ತೆಗೆಯಿರಿ. ಸ್ಕೇಲಿನಿಂದ ಅಳೆದು ಅಳೆದು ಇಡುವುದಕ್ಕಿಂತ ಇದು ಬೇಗ, ಸಂದೂ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ಬರುತ್ತದೆ.

ಬಟ್ಟೆಯ ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ಮೂಲೆಗೂ ಕತ್ತರಿಯ ಗೆರೆಗೂ ನಡುವೆ ಸುಮಾರು 3 ಮಿ.ಮೀ. ಉಳಿಯಲಿ, ಇಲ್ಲವಾದರೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ. ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮೊದಲು ಒಳಕ್ಕೆ ಮಡಚಿ, ಮೂಲೆಯಲ್ಲಿ ಉಳಿದ ಬಟ್ಟೆಯನ್ನು ಉಗುರಿನಿಂದ ಒಳಕ್ಕೆ ಒತ್ತಿ, ಆಮೇಲೆ ಉದ್ದದ ಅಂಚುಗಳನ್ನು ಮಡಚಬೇಕು. ಅಂಟು ಇನ್ನೂ ಹಸಿಯಿರುವಾಗಲೇ ತೀಡುವ ಪಟ್ಟಿಯಿಂದ ಬಟ್ಟೆಯನ್ನು ಸಂದಿನೊಳಕ್ಕೆ ಒತ್ತಿ. ಒಳಗಡೆ ಅದೇ ಬಟ್ಟೆಯ 65 × 297 ಮಿ.ಮೀ. ತುಂಡನ್ನು ಬೆನ್ನಿನ ಅಂಚಿನಿಂದ 3 ಮಿ.ಮೀ. ಬಿಟ್ಟು, ಕಿರಿ ಪಟ್ಟಿ ಮತ್ತು ಸಂದನ್ನು ದಾಟಿಸಿ ದೊಡ್ಡ ಹಲಗೆಯ ಮೇಲೆ ಬರುವಂತೆ ಅಂಟಿಸಿ, ಅದನ್ನೂ ಸಂದಿನೊಳಕ್ಕೆ ತೀಡಿ. ಒಳಬಟ್ಟೆಯನ್ನು ಸಂದಿನ ಮೇಲೆ ಸೇತುವೆಯಂತೆ ಬಿಗಿಯಾಗಿ ಬಿಟ್ಟರೆ ಹೊದಿಕೆಯನ್ನು ಹಿಂದಕ್ಕೆ ತೆರೆಯುವಾಗ ಅದು ಎಳೆದು ಕಿತ್ತುಬರುತ್ತದೆ.

ಉಳಿದ ಜಾಗಕ್ಕೆ 148 × 297 ಮಿ.ಮೀ. ಒಳಕಾಗದವನ್ನು ಒಳಬಟ್ಟೆಯ ಮೇಲೆ 5 ಮಿ.ಮೀ. ಹತ್ತುವಂತೆ ಅಂಟಿಸಿ. ಇದು ಬರೀ ಅಲಂಕಾರಕ್ಕಲ್ಲ. ಹೊರಗಿನ ಬಟ್ಟೆಯ ಅಂಟು ಒಣಗುತ್ತ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಳಕಾಗದ ಅದೇ ಎಳೆತವನ್ನು ಎದುರು ಬದಿಯಿಂದ ಕೊಟ್ಟು ಹಲಗೆಯನ್ನು ಸಮವಾಗಿರಿಸುತ್ತದೆ. ಎರಡೂ ಹೊದಿಕೆಗಳನ್ನು ಹೀರುಕಾಗದದ ನಡುವೆ ಇಟ್ಟು, ಸಮತಟ್ಟಾದ ಹಲಗೆ ಹಾಗೂ ಭಾರ ಹೇರಿ, ಒಂದು ರಾತ್ರಿ ಬಿಡಿ.

ತೂತು, ಪೋಸ್ಟ್, ಬೆನ್ನು

ರಟ್ಟಿಗೆ ತೂತು ಎಲ್ಲಿ ಬರಬೇಕೆಂಬುದನ್ನು ಲೆಕ್ಕದಿಂದ ಹೇಳಬಹುದು: ಬೆನ್ನಿನ ಅಂಚಿನಿಂದ 13 ಮಿ.ಮೀ., ಮೇಲಿನ ಅಂಚಿನಿಂದ 31.5, 111.5, 191.5 ಮತ್ತು 271.5 ಮಿ.ಮೀ. ಎರಡೇ ಪೋಸ್ಟ್ ಸಾಕೆನಿಸಿದರೆ ನಡುವಿನ ಎರಡು. ಆದರೂ ಈ ಅಂಕಿಗಳಿಗಿಂತ ನಿಮ್ಮ ಪಂಚ್ ಯಂತ್ರ ಹೊಡೆದ ತೂತನ್ನೇ ನಂಬುವುದು ಉತ್ತಮ. ತೂತು ಹೊಡೆದ ಒಂದು ಎ4 ಹಾಳೆಯನ್ನು ಹೊದಿಕೆಯ ಒಳಬದಿಯಲ್ಲಿ, ಬೆನ್ನಿನಿಂದ 1 ಮಿ.ಮೀ., ಮೇಲಿನಿಂದ 3 ಮಿ.ಮೀ. ಒಳಕ್ಕೆ ಇಟ್ಟು ಅದರ ತೂತುಗಳ ಮೂಲಕವೇ ಗುರುತು ಮಾಡಿ. ನಂತರ ಎರಡೂ ಹೊದಿಕೆಗಳನ್ನು ಒಳಬದಿ ಒಳಬದಿಗೆ ಸೇರುವಂತೆ ಜೋಡಿಸಿ, ಕ್ಲ್ಯಾಂಪ್ ಹಾಕಿ, ಕೆಳಗೊಂದು ಮರದ ತುಂಡು ಕೊಟ್ಟು ಒಟ್ಟಿಗೇ ಡ್ರಿಲ್ ಮಾಡಿದರೆ ತೂತುಗಳು ಒಂದಕ್ಕೊಂದು ತಪ್ಪದೆ ಹೊಂದುತ್ತವೆ. ಚರ್ಮಕ್ಕೆ ಬಳಸುವ ಟೊಳ್ಳು ಪಂಚ್ ಮತ್ತು ಸುತ್ತಿಗೆಯಿಂದಲೂ ಈ ಕೆಲಸ ಆಗುತ್ತದೆ, ತೂತಿನ ಅಂಚು ಇನ್ನಷ್ಟು ಸ್ವಚ್ಛವಾಗಿಯೇ ಬರುತ್ತದೆ. ಕಾಗದದ ಪಂಚ್‌ಗೆ ಮಾತ್ರ ರಟ್ಟನ್ನು ತುರುಕಬೇಡಿ.

ಪೋಸ್ಟಿನ ಉದ್ದವನ್ನು ಕಟ್ಟನ್ನು ಒತ್ತಿ ಹಿಡಿದು ಅಳೆಯಬೇಕು. 80 ಜಿಎಸ್‌ಎಂ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ, ಆದ್ದರಿಂದ 200 ಹಾಳೆಗಳಿಗೆ 20 ಮಿ.ಮೀ.; ಬಟ್ಟೆ ಹೊದಿಸಿದ ಎರಡು ರಟ್ಟುಗಳಿಗೆ ಸುಮಾರು 5, ಮುಂದೆ ಹೇಳುವ ಬೆನ್ನುಪಟ್ಟಿಯ ಮಡಚಿದ ಎರಡು ತೋಳುಗಳಿಗೆ ಸುಮಾರು 1; ಎಲ್ಲ ಸೇರಿ 26 ಮಿ.ಮೀ. ಇದಕ್ಕೆ ಒಂದು ಇಂಚಿನ, ಅಂದರೆ 25.4 ಮಿ.ಮೀ. ಪೋಸ್ಟ್ ತಕ್ಕದ್ದು. ಪೋಸ್ಟ್ ಕಟ್ಟಿಗಿಂತ ಕೂದಲೆಳೆಯಷ್ಟು ಗಿಡ್ಡವಿದ್ದರೆ ಹಾಳೆಗಳನ್ನು ಅಮುಕಿ ಹಿಡಿಯುತ್ತದೆ. ಉದ್ದವಿದ್ದರೆ ಹಾಳೆಗಳು ಅದರ ಮೇಲೆ ಅಲ್ಲಾಡಿ ತೂತು ಹಿಗ್ಗುತ್ತದೆ. ಸರಿಯಾದ ಉದ್ದ ಸಿಗದಿದ್ದಾಗ ಉದ್ದನೆಯದನ್ನೇ ತಂದು, 25 × 297 ಮಿ.ಮೀ. ಕಾರ್ಡ್ ಪಟ್ಟಿಗಳಿಗೆ ತೂತು ಹೊಡೆದು ಕೊನೆಯ ಹಾಳೆಯ ಕೆಳಗೆ ಸೇರಿಸಿ ವ್ಯತ್ಯಾಸ ತುಂಬಿ. ಹಾಳೆಗಳು ಬೆಳೆದಂತೆ ಈ ಪಟ್ಟಿಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಬಹುದು. ಇನ್ನೂ 60 ಹಾಳೆ ಸೇರಿದಾಗ ಕಾಲು ಇಂಚಿನ ಜೋಡಣೆ ತುಂಡೊಂದನ್ನು ಪ್ರತಿ ಪೋಸ್ಟಿಗೂ ಸೇರಿಸಿದರೆ ಲೆಕ್ಕ ಮತ್ತೆ ಕೂಡುತ್ತದೆ.

ಬೆನ್ನುಪಟ್ಟಿಗೆ ಕಾರ್ಡ್ ಹಾಳೆಯನ್ನು 297 ಮಿ.ಮೀ. ಉದ್ದಕ್ಕೆ, ಹಾಳೆಗಳ ದಪ್ಪಕ್ಕೆ 48 ಮಿ.ಮೀ. ಕೂಡಿಸಿದ ಅಗಲಕ್ಕೆ ಕತ್ತರಿಸಿ; ಮೇಲಿನ ಉದಾಹರಣೆಗೆ 68 ಮಿ.ಮೀ. ಎರಡೂ ಅಂಚಿನಿಂದ 24 ಮಿ.ಮೀ. ಒಳಗೆ ಮೊಂಡು ತುದಿಯಿಂದ ಗೆರೆ ಒತ್ತಿ ಮಡಚಿದರೆ ಮೂರು ಬದಿಯ ತೊಟ್ಟಿಯಾಕಾರ ಬರುತ್ತದೆ. ಪ್ರತಿ ತೋಳಿಗೂ ಮಡಿಕೆಯಿಂದ 12 ಮಿ.ಮೀ. ದೂರದಲ್ಲಿ ತೂತು ಹೊಡೆದು, ಅದರೊಳಗೆ ಹಾಳೆಗಳ ಕಟ್ಟನ್ನು ಕೂರಿಸಿ, ಹಿಂದಿನ ಹೊದಿಕೆಯಿಂದ ಪೋಸ್ಟನ್ನು ಮೇಲಕ್ಕೆ ಹಾಯಿಸಿ, ಮುಂದಿನ ಹೊದಿಕೆಯನ್ನಿಟ್ಟು ಸ್ಕ್ರೂ ಬಿಗಿಯಿರಿ. ಒಂದು ತೋಳನ್ನು ಉದ್ದ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಮತ್ತೆ ಮಡಚಿ ಬಳಸುವ ಆಸೆ ಆಗಬಹುದು. ಆದರೆ ಹಳೆಯ ತೂತುಗಳು ಬೆನ್ನಿನ ಮೇಲಕ್ಕೆ ಜಾರಿ ಕಾಣಿಸಿಕೊಳ್ಳುತ್ತವೆ. ಒಂದು ಕಾರ್ಡ್ ಹಾಳೆಯ ಉಳಿತಾಯಕ್ಕೆ ಅಷ್ಟು ವಿಕಾರವನ್ನು ಸಹಿಸಬೇಕಿಲ್ಲ.

ಹಾಳೆ ಸೇರಿಸುವಾಗ

ಹೊಸ ಹಾಳೆ ಮೇಲೆ ಬರುವ ಕ್ರಮವನ್ನು ಇಟ್ಟುಕೊಂಡರೆ ಮುಂದಿನ ಸ್ಕ್ರೂಗಳನ್ನು ಮಾತ್ರ ಬಿಚ್ಚಿದರೆ ಸಾಕು, ಉಳಿದ ಹಾಳೆಗಳು ಪೋಸ್ಟಿನ ಮೇಲೆ ಹಾಗೆಯೇ ನಿಂತಿರುತ್ತವೆ. ಬಿಚ್ಚುವಾಗ ಕಟ್ಟನ್ನು ಮೇಜಿನ ಮೇಲೆ ಮಲಗಿಸಿಯೇ ಬಿಚ್ಚಿ. ಮುದ್ರಿಸುವ ಹಾಳೆಗಳಿಗೆ ಎಡಗಡೆ 35 ಮಿ.ಮೀ. ಖಾಲಿ ಬಿಡುವುದು ಮುಖ್ಯ, ಏಕೆಂದರೆ ಪೋಸ್ಟ್ ಬಿಗಿದ ಕಟ್ಟು ಉಂಗುರದ ಫೈಲಿನಂತೆ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬೆನ್ನಿನ ಬಳಿಯ ಅಕ್ಷರಗಳು ಮಡಿಕೆಯಲ್ಲಿ ಮರೆಯಾಗುತ್ತವೆ.

ರಸೀದಿಯಂಥ ಚಿಕ್ಕ ಕಾಗದಗಳನ್ನು ಎ4 ಹಾಳೆಯೊಂದಕ್ಕೆ ಒಂದೇ ಅಂಚಿನಲ್ಲಿ ಅಂಟಿಸಿ ಸೇರಿಸಬಹುದು. ತೂತು ಹೊಡೆಯಬಾರದ ಮೂಲ ದಾಖಲೆಗಳಿಗೆ ಅಂಚಿನಲ್ಲಿ ತೂತಿರುವ ಪಾರದರ್ಶಕ ಜೇಬು ಬೇಕು; ಅದು ಪಾಲಿಪ್ರೊಪಿಲೀನ್ ಆಗಿರಲಿ, ಪಿವಿಸಿಯ ಮೆದುಕಾರಕಗಳು ಕಾಲಕ್ರಮದಲ್ಲಿ ಮುದ್ರಣದ ಮಸಿಯನ್ನು ಎಬ್ಬಿಸಿ ಪ್ಲಾಸ್ಟಿಕ್‌ಗೆ ಅಂಟಿಸಿಕೊಳ್ಳುತ್ತವೆ. ಎ3 ನಕ್ಷೆಗಳಿಗೆ ಎಡ ಅಂಚಿನಲ್ಲಿ ತೂತು ಹೊಡೆದು, ಎಡದಿಂದ 200 ಮಿ.ಮೀ.ಗೆ ಒಂದು ಮಡಿಕೆ ಎಡಕ್ಕೆ, 310 ಮಿ.ಮೀ.ಗೆ ಇನ್ನೊಂದು ಮಡಿಕೆ ಮರಳಿ ಬಲಕ್ಕೆ ಹಾಕಿ. ಆಗ ನಕ್ಷೆ ಬೆನ್ನಿನ ಹಿಡಿತಕ್ಕೆ ಸಿಕ್ಕದೆ, ಬಲ ಅಂಚನ್ನು ಹಿಡಿದೆಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇಂಥ ಪ್ರತಿ ಹಾಳೆಯೂ ಬಲಗಡೆ ಮೂರು ಪದರವಾಗುವುದರಿಂದ ಅವು ಹೆಚ್ಚಾದರೆ ಕಟ್ಟು ಬಾಯಿಬಿಟ್ಟಂತಾಗುತ್ತದೆ. ಅವುಗಳ ನಡುವೆ ಬೆನ್ನಿನ ಕಡೆ ಕಾಗದದ ಕಿರುಪಟ್ಟಿಗಳನ್ನು ಸೇರಿಸಿ ದಪ್ಪವನ್ನು ಸರಿದೂಗಿಸಬೇಕು.

ಹೊದಿಕೆ ಹಿಗ್ಗುತ್ತದೆಂದು ಮಿತಿಯಿಲ್ಲದೆ ತುಂಬಬಾರದು. 80 ಜಿಎಸ್‌ಎಂ ಎ4 ಹಾಳೆಯೊಂದರ ತೂಕ ಸುಮಾರು 5 ಗ್ರಾಂ, ಆದ್ದರಿಂದ 400 ಹಾಳೆಗಳ ಕಟ್ಟು ಎರಡು ಕಿಲೋ ತೂಗುತ್ತದೆ. ಕಪಾಟಿನಲ್ಲಿ ಅದನ್ನು ನಿಲ್ಲಿಸಿದಾಗ ರಟ್ಟಿನ ಅಂಚು ಕೆಳಗೆ 3 ಮಿ.ಮೀ. ಚಾಚಿರುವ ಕಾರಣ ಹಾಳೆಗಳು ನೆಲ ಮುಟ್ಟದೆ ಪೋಸ್ಟಿಗೆ ಜೋತುಬೀಳುತ್ತವೆ, ಆ ಭಾರವೆಲ್ಲ ತೂತುಗಳ ಮೇಲೆ ಬರುತ್ತದೆ. ಮಲಗಿಸಿ ಇಟ್ಟರೆ ಈ ತೊಂದರೆಯಿಲ್ಲ. ನಿಲ್ಲಿಸಿಯೇ ಇಡಬೇಕಾದವರು ರಟ್ಟನ್ನು 300 ಮಿ.ಮೀ. ಎತ್ತರಕ್ಕೆ ಕತ್ತರಿಸಿ, ಬಟ್ಟೆಯ ಎತ್ತರವನ್ನೂ 3 ಮಿ.ಮೀ. ತಗ್ಗಿಸಿ, ಕೆಳ ಅಂಚನ್ನು ಹಾಳೆಗಳಿಗೆ ಸಮವಾಗಿಸಿಕೊಳ್ಳಬಹುದು. ಮೇಲಿನಿಂದ ಅಳೆದ ತೂತಿನ ಅಳತೆಗಳು ಬದಲಾಗುವುದಿಲ್ಲ. ಹಾಳೆಗಳ ದಪ್ಪ 40 ಮಿ.ಮೀ. ಮುಟ್ಟಿದ ಮೇಲೆ ಇನ್ನೊಂದು ಜೊತೆ ರಟ್ಟು ತಯಾರಿಸಿ ಎರಡನೆಯ ಸಂಪುಟ ಆರಂಭಿಸಿ, ಹಳೆಯ ಸಂಪುಟದ ಜೋಡಣೆ ತುಂಡುಗಳನ್ನು ಅದರಲ್ಲೇ ಬಿಟ್ಟು, ಬೆನ್ನುಪಟ್ಟಿಯ ಮೇಲೆ ಮೊದಲ ಮತ್ತು ಕೊನೆಯ ಹಾಳೆಯ ದಿನಾಂಕ ಬರೆಯಿರಿ.