ನಿದ್ದೆ ಬರ್ತಿಲ್ಲ ಅಂತ ಎಕ್ಸರ್‌ಸೈಜ್ ಶುರು ಮಾಡ್ತೀರಾ? ಅವತ್ತೇ ರಾತ್ರಿ ರಿಸಲ್ಟ್ ಕೇಳ್ಬೇಡಿ

ನಿದ್ದೆ ಬರ್ದೇ ಒದ್ದಾಡೋರಿಗೆ ಎಲ್ರೂ ಹೇಳೋದು ಒಂದೇ, ಚೆನ್ನಾಗಿ ಮೈ ದಂಡಿಸಿ, ಸುಸ್ತಾದ್ರೆ ನಿದ್ದೆ ತಾನಾಗೇ ಬರುತ್ತೆ ಅಂತ. ಇನ್ಸೋಮ್ನಿಯಾ, ಅಂದ್ರೆ ನಿದ್ರಾಹೀನತೆ ಇರೋರ ವಿಷಯ ಅಷ್ಟು ಸುಲಭ ಇಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವರು 2013ರಲ್ಲಿ ಪ್ರಕಟಿಸಿದ ಒಂದು ಸಣ್ಣ ಸ್ಟಡಿಲಿ ಎಕ್ಸರ್‌ಸೈಜ್ ಮಾಡಿದ ದಿನ ರಾತ್ರಿ ನಿದ್ದೆಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ 16 ವಾರ ಬಿಡದೆ ಮಾಡಿದ್ಮೇಲೆ ನಿದ್ದೆ ಸುಧಾರಿಸಿತ್ತು. ಇನ್ನೊಂದು ವಿಷ್ಯ, ರಾತ್ರಿ ನಿದ್ದೆ ಹತ್ತೋಕೆ ತಡ ಆದ್ರೆ ಮಾರನೇ ದಿನ ಅವರ ಎಕ್ಸರ್‌ಸೈಜೇ ಕಮ್ಮಿ ಆಗ್ತಿತ್ತು. ಎಷ್ಟೋ ಜನ ಕೈಬಿಡೋದು ಇಲ್ಲೇ.

ಮೊದಲು: ಜೋರು ಗೊರಕೆ, ನಿದ್ದೆಲಿ ಉಸಿರು ಕಟ್ಟೋದು, ಮಲಗಿದಾಗ ಕಾಲು ಆಡಿಸ್ತಾನೇ ಇರ್ಬೇಕು ಅನ್ನಿಸೋದು ಇದ್ರೆ ಡಾಕ್ಟರ್‌ಗೆ ತೋರಿಸಿ, ಅದು ಬೇರೆ ಕಾಯಿಲೆ ಇರ್ಬಹುದು. ಹಾರ್ಟ್ ತೊಂದರೆ ಇರೋರೂ ಕೇಳ್ಕೊಂಡೇ ಶುರು ಮಾಡಿ.

ಆಮೇಲೆ: ಬಿರುಸಾದ ನಡಿಗೆ, ಸೈಕ್ಲಿಂಗ್, ಈಜು, ಯಾವ್ದಾದ್ರೂ ಸರಿ. ಮಾಡ್ತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ವೇಗ ಸಾಕು. 10 ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ವಾರಕ್ಕೆ 5 ದಿನ 30 ನಿಮಿಷಕ್ಕೆ ಬನ್ನಿ, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳೋ ಕನಿಷ್ಠ 150 ನಿಮಿಷ ಅಲ್ಲಿಗೆ ಆಯ್ತು.

ಯಾವಾಗ ಮಾಡ್ಬೇಕು? ಬೆಳಿಗ್ಗೆ ಹೊರಗಡೆ ಮಾಡಿದ್ರೆ ಬೆಳಕೂ ಸಿಗುತ್ತೆ, ದೇಹದ ಗಡಿಯಾರ ಸರಿಹೋಗೋಕೆ ಅದು ಒಳ್ಳೇದು. ಸಂಜೆ ಮಾಡಿದ್ರೂ ತಪ್ಪಿಲ್ಲ. ಆದ್ರೆ ಏದುಸಿರು ಬರೋ ವರ್ಕೌಟ್ ಮಲಗೋಕೆ ಒಂದೆರಡು ಗಂಟೆ ಮುಂಚೆನೇ ಮುಗೀಬೇಕು, ಯಾಕಂದ್ರೆ ನಿದ್ದೆ ಹತ್ತೋಕೆ ಮೈ ಒಳಗಿನ ಬಿಸಿ ಇಳೀಬೇಕು, ಎದೆಬಡಿತನೂ ತಣ್ಣಗಾಗ್ಬೇಕು.

ಈಗ ಮುಖ್ಯವಾದ್ದು, ರಾತ್ರಿಯೆಲ್ಲಾ ನಿದ್ದೆ ಇಲ್ದೇ ಎದ್ದ ದಿನ. ಅವತ್ತು ಮನಸ್ಸು "ಇವತ್ತು ಬಿಡು" ಅನ್ನುತ್ತೆ, ಮಧ್ಯಾಹ್ನ ಎರಡು ಗಂಟೆ ಮಲಗಿ ಸಂಜೆ ಕಾಫಿ ಕುಡಿದ್ರೆ ಆ ರಾತ್ರಿನೂ ಹೋಯ್ತು ಅಂತಾನೇ ಲೆಕ್ಕ. ಅರ್ಧ ಹೊತ್ತು, ಅರ್ಧ ಸ್ಪೀಡಲ್ಲಾದ್ರೂ ನಡೀರಿ, ಆದ್ರೆ ಪೂರ್ತಿ ಬಿಡ್ಬೇಡಿ. ತೂಕಡಿಕೆ ಜಾಸ್ತಿ ಇದ್ರೆ ಮಾತ್ರ ರಸ್ತೇಲಿ ಸೈಕಲ್ ಬೇಡ.

ಬೆಳಿಗ್ಗೆ ಎದ್ಮೇಲೆ ಒಂದು ಬುಕ್ಕಲ್ಲಿ ಅಂದಾಜಿಗೆ ಬರೆದಿಡಿ: ಎಷ್ಟೊತ್ತಿಗೆ ನಿದ್ದೆ ಬಂತು, ಎಷ್ಟು ಸಲ ಎಚ್ಚರ ಆಯ್ತು, ನಿನ್ನೆ ಎಷ್ಟು ನಡೆದ್ರಿ. ದಿನಕ್ಕೆ ದಿನ ಹೋಲಿಸ್ಬೇಡಿ, ವಾರಕ್ಕೆ ವಾರ ನೋಡಿ. (ಸ್ಮಾರ್ಟ್‌ವಾಚ್ ಸ್ಲೀಪ್ ಸ್ಕೋರ್ ನೋಡಿನೇ ಟೆನ್ಶನ್ ಮಾಡ್ಕೊಳೋರು ಅದನ್ನ ರಾತ್ರಿ ಬಿಚ್ಚಿಡೋದೇ ವಾಸಿ.)

ವಾರಕ್ಕೆ 3 ರಾತ್ರಿ ಆದ್ರೂ ನಿದ್ದೆ ಕೆಡ್ತಾ 3 ತಿಂಗಳು ದಾಟಿದ್ರೆ ಬರೀ ವಾಕಿಂಗ್ ನಂಬ್ಕೊಂಡು ಕೂರ್ಬೇಡಿ, ಸಿಬಿಟಿ-ಐ ಅನ್ನೋ ಥೆರಪಿ (ನಿದ್ದೆ ಕೆಡಿಸೋ ಯೋಚನೆ, ಅಭ್ಯಾಸ ಬದಲಾಯಿಸೋ ಚಿಕಿತ್ಸೆ) ಬಗ್ಗೆ ಡಾಕ್ಟರ್ ಹತ್ರ ಕೇಳಿ, ಇನ್ಸೋಮ್ನಿಯಾಕ್ಕೆ ಮೊದಲ ಚಿಕಿತ್ಸೆ ಅದೇ, ಅದರ ಜೊತೆಗೆ ಎಕ್ಸರ್‌ಸೈಜ್ ನಡೀಲಿ. ನಿದ್ದೆ ಮಾತ್ರೆ ತಗೋತಿದ್ರೆ ನೀವೇ ದಿಢೀರ್ ಅಂತ ನಿಲ್ಲಿಸೋಕೆ ಹೋಗ್ಬೇಡಿ, ಅದನ್ನೂ ಅವರನ್ನ ಕೇಳಿನೇ ಕಮ್ಮಿ ಮಾಡಿ.